ದೇವರಿಗೆ ಬೆನ್ನು ಹಾಕಿ ಕೂತ ದಿನಗಳು

ಬೆಳಿಗ್ಗೆಯಿಂದ ಮನೆಯಲ್ಲಿ ಸಂಪು ತೊಳೆಸುವ ಗಲಾಟೆ. ಟ್ಯಾಂಕರ್ ನೀರಿನಲ್ಲಿ ಏನೋ ಕೆಂಪಗೆ ಕಂಡಿತೆಂದು ಸೊಸೆ ಸುಧಾ ಇಬ್ಬರನ್ನು ಕರೆಸಿ, ಗೋಡೆಯನ್ನೆಲ್ಲ ಉಜ್ಜಿಸಿ, ಕೊನೆಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ್ದಾಳೆ. ಮನೆ ತುಂಬ ಅದರ ಘಾಟು. ಅವಳು ಮೂಗಿಗೆ ವೇಲು ಕಟ್ಟಿಕೊಂಡು ಓಡಾಡುತ್ತಿದ್ದರೆ ನಾನು ಬಾಗಿಲ ಬಳಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದೇನೆ. ಕೆಲವರಿಗೆ ಮಲ್ಲಿಗೆ ಇಷ್ಟ, ಕೆಲವರಿಗೆ ಮೊದಲ ಮಳೆಯ ಮಣ್ಣು. ನನಗೆ ಬ್ಲೀಚಿಂಗ್ ಪೌಡರ್. ನಗಬೇಡಿ.

“ಅತ್ತೆ, ಮೇಲೆ ಹೋಗಿ ಕೂತ್ಕೊಳ್ಳಿ. ಆಮೇಲೆ ಕೆಮ್ತಾ ಕೂರ್ತೀರ.”

“ಇರಲಿ ಬಿಡೆ, ಒಳ್ಳೇ ವಾಸನೆ.”

“ಒಳ್ಳೇ ವಾಸನೆಯಂತೆ! ಆ ಮೂಗನ್ನ ಒಂದ್ಸಲ ಡಾಕ್ಟ್ರಿಗೆ ತೋರಿಸ್ಬೇಕು.”

ಮೂಗಿಗೇನೂ ಆಗಿಲ್ಲ. ಆದರೆ ಈ ವಾಸನೆ ಬಂದಾಗಲೆಲ್ಲ ನನಗೆ ಸಂಪು ನೆನಪಾಗುವುದಿಲ್ಲ, ಒಂದು ಕಲ್ಲು ನೆನಪಾಗುತ್ತದೆ. ಅದನ್ನು ಹೇಳೋಣವೆಂದೇ ಮಹಡಿ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದೇನೆ. ಕನ್ನಡ ಒತ್ತುವುದನ್ನು ಈಚೆಗಷ್ಟೇ ಕೈಗೆ ಹತ್ತಿಸಿಕೊಂಡಿದ್ದೇನೆ. ಒಂದೇ ಬೆರಳು. ಒತ್ತಕ್ಷರ ಬಂದರೆ ಸೂಜಿಗೆ ದಾರ ಪೋಣಿಸುವವಳ ಹಾಗೆ ಉಸಿರು ಬಿಗಿಹಿಡಿಯುತ್ತೇನೆ. ಹಾಗಾಗಿ ನಿಧಾನವಾಗಿಯೇ ಹೋಗುತ್ತೇನೆ, ನೀವೂ ನಿಧಾನವಾಗಿ ಬನ್ನಿ.

ನಮ್ಮದು ಚಾಮರಾಜಪೇಟೆಯ ಒಂದು ಅಡ್ಡರಸ್ತೆ. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಹಿಂದಿನ ಕಾಲದಲ್ಲಿ ಕಕ್ಕಸು ಬಳಿಯುವಂಥ, ಮನೆಯವರು ನೋಡಲೂ ಇಷ್ಟಪಡದ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಲು ಬಿಟ್ಟ ದಾರಿ ಅದು. ಮುಂದುಗಡೆ ರಂಗೋಲಿ, ಹಿಂದುಗಡೆ ಗಲ್ಲಿ. ಪೈಪು ಬಂದು ಆ ಕೆಲಸ ನಿಂತಿತು, ಗಲ್ಲಿ ಮಾತ್ರ ಉಳಿಯಿತು. ಯಾರದೂ ಅಲ್ಲದ ಜಾಗ ಎಂದು ಗೊತ್ತಾದ ಮೇಲೆ ನಮ್ಮೂರಿನಲ್ಲಿ ಏನಾಗುತ್ತದೋ ಅದೇ ಅಲ್ಲೂ ಆಯಿತು. ಗಲ್ಲಿ ರಸ್ತೆಗೆ ಬಂದು ಸೇರುವ ಮೂಲೆಯಲ್ಲಿ ಒಂದು ಕಸದ ಗುಡ್ಡೆ ಹುಟ್ಟಿ, ಬೆಳೆದು, ದೊಡ್ಡದಾಯಿತು.

ಕಾಟನ್‌ಪೇಟೆಯಿಂದ ನಾನು ಸೊಸೆಯಾಗಿ ಬಂದಾಗ ಆ ಮೂಲೆಯಲ್ಲಿ ಒಂದು ದೊಡ್ಡ ಮನೆಯಿತ್ತು. ಅದರ ಮುಂದೆ ಬೀದಿಗೆ ಮುಖ ಮಾಡಿದ ಕಲ್ಲುಚಪ್ಪಡಿಯ ಜಗಲಿ, ಮೇಲೆ ಹೊಂಗೆಮರದ ನೆರಳು. ಸಂಜೆ ಬೀದಿಯ ಗಂಡಸರೆಲ್ಲ ಅಲ್ಲಿ ಸೇರಿ ಜವಳಿ ವ್ಯಾಪಾರದಿಂದ ಹಿಡಿದು ದೆಹಲಿ ಸರ್ಕಾರದವರೆಗೆ ಎಲ್ಲವನ್ನೂ ಸರಿಮಾಡುತ್ತಿದ್ದರು. ನಾವು ಸೊಸೆಯರು ತರಕಾರಿ ಚೀಲ ಹಿಡಿದು ತಲೆತಗ್ಗಿಸಿ ದಾಟಿಹೋಗಬೇಕು. ನನಗೋ ಒಂದೇ ಒಂದು ಸಲ ಅಲ್ಲಿ ಕಾಲು ಇಳಿಬಿಟ್ಟು ಕೂತು, ಹೋಗುವವರನ್ನೂ ಬರುವವರನ್ನೂ ನೋಡಬೇಕೆಂಬ ಆಸೆ. ಒಮ್ಮೆ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. “ಹೆಂಗಸ್ರು ಜಗಲಿ ಮೇಲೆ ಕೂತ್ರೆ ಮನೆಗೆ ದರಿದ್ರ ಕಣೆ” ಎಂದರು ನಮ್ಮತ್ತೆ. ಗಂಡಸರು ಕೂತೂ ಕೂತೂ ಆ ಮನೆಯೇ ಮಾರಿಹೋಯಿತೆನ್ನುವುದು ಬೇರೆ ವಿಷಯ. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿದರು, ಎತ್ತರದ ಕಾಂಪೌಂಡ್ ಗೋಡೆ ಎಬ್ಬಿಸಿದರು. ಜಗಲಿಯ ಕಲ್ಲು ಗೋಡೆಯ ಆಚೆಗೆ, ಬೀದಿಯ ಕಡೆಗೆ ಉಳಿದುಕೊಂಡಿತು. ಅದರ ಮೇಲೆ ಕಸ ಬಿದ್ದೂ ಬಿದ್ದೂ, ಅಲ್ಲೊಂದು ಕಲ್ಲಿದೆಯೆಂಬುದೇ ಬೀದಿಗೆ ಮರೆತುಹೋಯಿತು.

ಕಸ ಹಾಕುತ್ತಿದ್ದವರು ಬೇರೆ ಊರಿನವರೆಂದು ತಿಳಿಯಬೇಡಿ. ನಾವು ಬಹಳ ಶುದ್ಧದ ಜನ. ಮನೆಯ ಕಸ ಒಂದು ಗಳಿಗೆಯೂ ಮನೆಯಲ್ಲಿರಬಾರದು, ಅಷ್ಟು ಶುದ್ಧ. ಕಸದ ಆಟೋ ಬರುವವರೆಗೆ ಕಾದರೆ ಲಕ್ಷ್ಮಿ ಓಡಿಹೋಗುತ್ತಾಳೆ. ಆದ್ದರಿಂದ ಬೆಳಗಿನ ವಾಕಿಂಗಿಗೆ ಹೊರಟವರ ಒಂದು ಕೈಯಲ್ಲಿ ನಾಯಿ, ಇನ್ನೊಂದರಲ್ಲಿ ಕವರ್. ನಾಯಿ ವಾಪಸ್ ಬರುತ್ತಿತ್ತು, ಕವರ್ ಬರುತ್ತಿರಲಿಲ್ಲ.

ಒಂದು ಶನಿವಾರ ಯಾವುದೋ ಕಂಪನಿಯವರು ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬಂದರು. ಕೈಗೆ ಗ್ಲೌಸು, ತಲೆಗೆ ಟೋಪಿ, ಇಷ್ಟುದ್ದದ ಬ್ಯಾನರು. ಗುಡ್ಡೆಯ ಅರ್ಧ ಎತ್ತಿದರು, ಫೋಟೋ ತೆಗೆಸಿಕೊಂಡರು, ಬಾಳೆಹಣ್ಣು ತಿಂದರು, ಹೋದರು. ಸೋಮವಾರದ ಹೊತ್ತಿಗೆ ಗುಡ್ಡೆ ಮೊದಲಿನಷ್ಟೇ ಆಗಿತ್ತು, ಜೊತೆಗೆ ಬಾಳೆಹಣ್ಣಿನ ಸಿಪ್ಪೆ. ಇದನ್ನು ನನ್ನ ಹಾಗೆಯೇ ಮೆಟ್ಟಿಲ ಮೇಲೆ ನಿಂತು ನೋಡಿದವಳು ಎದುರುಮನೆಯ ಯಶು. ಪೂರ್ತಿ ಹೆಸರು ಯಶಸ್ವಿನಿ, ಆಗಷ್ಟೇ ಡಿಗ್ರಿಗೆ ಸೇರಿದ್ದಳು. ಅವರ ತಂದೆಯದು ಕನಕಪುರದ ಕಡೆಯ ಒಕ್ಕಲು ಮನೆತನ, ಈಗ ಸೈಟು ಮನೆಗಳ ವ್ಯವಹಾರ. ಮಗಳಿಗೆ ಹೊಲದಲ್ಲಿ ನಿಂತು ಕೂಗುವವರ ಗಂಟಲು ಬಂದಿತ್ತು.

“ಅಜ್ಜಿ, ಈ ರಸ್ತೇಲಿ ಹುಡುಗೀರು ಕೂತು ಮಾತಾಡೋಕೆ ಒಂದೇ ಒಂದು ಜಾಗ ತೋರಿಸಿ ನೋಡೋಣ” ಎಂದಳು ಅವತ್ತು.

“ನಮ್ಮನೆ ಮೆಟ್ಲಿಲ್ವೇನೆ?”

“ಮೆಟ್ಲಲ್ಲಿ ನೀವಿರ್ತೀರಲ್ಲ! ನಾವು ಮಾತಾಡಿದ್ದೆಲ್ಲ ಸಂಜೆಗೆ ನಮ್ಮಮ್ಮಂಗೆ ಗೊತ್ತಾಗಿರತ್ತೆ.”

ಮಾತು ನಿಜವೇ. ಹುಡುಗರಿಗೆ ಟೀ ಅಂಗಡಿಯಿತ್ತು. ಹುಡುಗಿಯರು ಗೇಟಿಗೆ ಒರಗಿ ಒಂದು ಕಾಲ ಮೇಲೆ ನಿಂತು ಮಾತಾಡಬೇಕು, ಒಳಗಿನಿಂದ ಯಾರಾದರೂ ಕರೆಯುವವರೆಗೆ. ಆಗ ನಾನು ಸುಮ್ಮನೆ, ಹೊತ್ತು ಕಳೆಯಲೆಂದು, ಆ ಮೂಲೆಯ ಜಗಲಿಯ ಕಥೆ ಹೇಳಿದೆ. ಅವಳ ಕಣ್ಣು ಅರಳಿತು. “ಕಲ್ಲು ಇನ್ನೂ ಇದ್ಯಾ ಅಜ್ಜಿ, ಒಳಗೆ?”

ಮುಂದಿನ ಭಾನುವಾರ ಬೆಳಿಗ್ಗೆ ಏಳೆಂಟು ಜನ ಸೇರಿಬಿಟ್ಟರು. ಯಶುವಿನ ಜಾಣತನ ನೋಡಿ. ಗೆಳೆಯರಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ: “ಕ್ಲೀನಿಂಗು, ಸ್ವಚ್ಛತೆ ಅಂತೆಲ್ಲ ಕರೀಬೇಡ ಗುರು, ಒಬ್ರೂ ಬರಲ್ಲ. ಕೂರೋಕೆ ಜಾಗ ಮಾಡ್ತಿದೀವಿ, ಅಡ್ಡಾ ನಮ್ದೇ ಅಂತ ಹೇಳು.” ಅಷ್ಟು ವರ್ಷದಿಂದ ಎಳೆಯರಿಗೆ ಉಪದೇಶ ಮಾಡುತ್ತ ಬಂದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಊರು ಚೊಕ್ಕಟವಾಗಲಿ ಎಂದರೆ ಯಾರೂ ಬರುವುದಿಲ್ಲ. ಇದು ನಿನ್ನ ಜಾಗ ಎಂದರೆ ಬರುತ್ತಾರೆ.

ಬಂದವರಲ್ಲಿ ಅಲ್ತಾಫ್ ಒಬ್ಬ. ರಸ್ತೆಯ ಕೊನೆಯಲ್ಲಿ ಹಾಸಿಗೆ ಹೊಲಿಯುವ ಅಂಗಡಿಯವರ ಮಗ, ಯಶುವಿನ ಕಾಲೇಜೇ. ಒಳ್ಳೆಯ ಕಟ್ಟುಮಸ್ತು ಹುಡುಗ, ಬಾಯಿ ಇನ್ನೂ ಕಟ್ಟುಮಸ್ತು. ಜನ ಕಸಕ್ಕೆ ಏನೇನು ಹಾಕುತ್ತಾರೆಂಬುದು ಗುಡ್ಡೆ ಕೆದಕಿದ ಮೇಲೆ ಗೊತ್ತಾಗುವುದು. ತೆಂಗಿನಕಾಯಿ ಚಿಪ್ಪು, ಮಕ್ಕಳ ಡೈಪರು, ಗಾಜೊಡೆದ ದೇವರ ಪಟ, ಒಂದು ಕಮೋಡು. ಆಮೇಲೆ ದಿಂಬು. ಎಷ್ಟು ದಿಂಬು!

“ಮಚ್ಚಾ, ನಮ್ಮಪ್ಪ ಜೀವಮಾನದಲ್ಲಿ ಹೊಲಿದಿದ್ದೆಲ್ಲ ಇಲ್ಲೇ ಬಂದು ಮಲ್ಕೊಂಡಿದೆ” ಎಂದು ಅಲ್ತಾಫ್ ಒಂದೊಂದನ್ನೇ ಎತ್ತಿ ಎಸೆಯುತ್ತಿದ್ದ.

ಕವರ್‌ಗಳ ಒಳಗೆ ಕೊರಿಯರ್ ಡಬ್ಬಗಳು. ಡಬ್ಬದ ಮೇಲೆ ಹೆಸರು, ಮನೆ ನಂಬರು. ಯಶು ಅವನ್ನು ಬೇರೆಯಾಗಿ ಎತ್ತಿಟ್ಟುಕೊಂಡು, ಮನೆ ಮನೆಗೆ ಹೋಗಿ ಬೆಲ್ ಮಾಡಿದಳು. “ಆಂಟಿ, ನಿಮ್ಮ ಪಾರ್ಸಲ್ ದಾರೀಲಿ ಬಿದ್ದೋಗಿತ್ತು, ತಗೊಳ್ಳಿ.” ಬೈಗುಳವಿಲ್ಲ, ಉಪದೇಶವಿಲ್ಲ, ಮುಖದ ತುಂಬ ವಿನಯ. ಬೀದಿಯ ಮರ್ಯಾದಸ್ಥರೆಲ್ಲ ತಂತಮ್ಮ ಕಸವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, “ಥ್ಯಾಂಕ್ಸಮ್ಮ” ಎಂದು ಒಳಗೆ ಹೋದರು. ನಾನು ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ನಮ್ಮ ಗೇಟೂ ಸದ್ದಾಗುವವರೆಗೆ. ಸುಧಾಳ ಸೀರೆ ಬಂದಿದ್ದ ಡಬ್ಬ. ಒಳಗೆ ನಾನೇ ತಿಂದ ಮಾವಿನ ವಾಟೆಗಳು.

ನಾಲ್ಕೈದು ಭಾನುವಾರ ಹೀಗೇ ನಡೆಯಿತು. ಒಂದು ದಿನ ಸಲಿಕೆ ಠಣ್ ಎಂದಿತು. ಚಪ್ಪಡಿ! ತೊಳೆದರು, ಉಜ್ಜಿದರು, ಸುತ್ತ ಬ್ಲೀಚಿಂಗ್ ಪೌಡರ್ ಎರಚಿದರು. ಹಿಂದಿನ ಗೋಡೆಗೆ ಸುಣ್ಣ ಬಳಿದು ಹಸಿರು ಬಣ್ಣದ ಬಳ್ಳಿಯೊಂದನ್ನು ಬರೆದರು. ಬಳ್ಳಿ ಸ್ವಲ್ಪ ಹಾವಿನ ಹಾಗೆ ಕಾಣುತ್ತಿತ್ತು, ಇರಲಿ.

“ಮೊದ್ಲು ಅಜ್ಜಿ ಕೂರ್ಲಿ” ಎಂದ ಅಲ್ತಾಫ್.

“ನಾನ್ಯಾಕೋ? ಬೆವರು ಸುರಿಸಿದ್ದು ನೀವು.”

“ನೀವು ಚೀಫ್ ಗೆಸ್ಟು. ಕಥೆ ಹೇಳಿ ನಮ್ಮನ್ನ ತಗಲಾಕಿದ್ದು ನೀವೇ ಅಲ್ವಾ?”

ಕೂತೆ. ಕಲ್ಲಿನ ತಂಪು ಸೀರೆಯೊಳಗಿಂದ ಏರಿ ಬಂತು. ಬೆನ್ನಿಗೆ ಗೋಡೆ, ತಲೆಯ ಮೇಲೆ ಹೊಂಗೆ, ಕಣ್ಣೆದುರು ನಮ್ಮದೇ ಬೀದಿ. ಅರ್ಧ ಶತಮಾನ ಓಡಾಡಿದ ಬೀದಿ ಕೂತು ನೋಡಿದಾಗ ಬೇರೆಯದೇ ಆಗಿತ್ತು. ನಡೆಯುವಾಗ ಬರೀ ಗುಂಡಿ ಕಾಣುತ್ತದೆ, ಕೂತಾಗ ಮನುಷ್ಯರು ಕಾಣುತ್ತಾರೆ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಸೊಸೆ ನನ್ನನ್ನು ನೋಡಿ ನಕ್ಕು, ಚೀಲ ಕೆಳಗಿಟ್ಟು, ತಾನೂ ಬಂದು ಕೂತಳು. ನಮ್ಮತ್ತೆ ಬದುಕಿದ್ದರೆ ಎರಡು ಮನೆಗೆ ದರಿದ್ರ ಎನ್ನುತ್ತಿದ್ದರೋ ಏನೋ.

ಆಮೇಲಿನ ಕೆಲವು ತಿಂಗಳು ನನ್ನ ಆಯುಸ್ಸಿನಲ್ಲಿ ಬೋನಸ್ಸಾಗಿ ಬಂದವು. ಸಂಜೆ ಕಾಫಿ ಕುಡಿದು ಹೊರಟರೆ ದೀಪ ಹಚ್ಚುವ ಹೊತ್ತಿಗೇ ವಾಪಸು. ಆ ಮಕ್ಕಳು ನನ್ನೆದುರಿಗೇ ಎಲ್ಲವನ್ನೂ ಮಾತಾಡುತ್ತಿದ್ದರು. ನಾನು ಅವರಮ್ಮಂದಿರಿಗೆ ಒಂದನ್ನೂ ಹೇಳಲಿಲ್ಲ, ಇದನ್ನು ನನ್ನ ಸಾಧನೆಯೆಂದೇ ತಿಳಿಯಿರಿ. ಯಾರಿಗೆ ಯಾವ ಸಬ್ಜೆಕ್ಟು ಕೈಕೊಟ್ಟಿತು, ಯಾರ ಹುಡುಗಿ ಯಾರ ಮೆಸೇಜಿಗೆ ಉತ್ತರ ಕೊಡಲಿಲ್ಲ, ಯಾರಿಗೆ ಅಪ್ಪನ ಅಂಗಡಿಯಲ್ಲಿ ಕೂರಲು ಇಷ್ಟವಿಲ್ಲ. ಫೋನಿನಲ್ಲಿ ಅಕ್ಷರ ಒತ್ತುವುದನ್ನು ಮೊದಲು ತೋರಿಸಿಕೊಟ್ಟದ್ದೂ ಅಲ್ಲೇ. “ಒತ್ತಿ ಅಜ್ಜಿ, ಅದೇನು ಕಚ್ಚಲ್ಲ” ಎನ್ನುತ್ತಿದ್ದಳು ಯಶು. ಪ್ರತಿ ಭಾನುವಾರ ಬೆಳಿಗ್ಗೆ ಕಲ್ಲು ತೊಳೆಯುತ್ತಿದ್ದರು, ಗಲ್ಲಿಯ ಒಳಗೂ ಒಂದಿಷ್ಟು ದೂರ ಗುಡಿಸುತ್ತಿದ್ದರು. ಗಲ್ಲಿಯ ಆಚೆ ತುದಿಯವರೆಗೂ ಹೋಗಿಬಿಡೋಣ, ಅಲ್ಲೊಂದು ಕೇರಂ ಬೋರ್ಡು ಹಾಕೋಣವೆಂದು ಅವರ ಲೆಕ್ಕಾಚಾರ. ಯಾರೂ ಅವರನ್ನು ಕರೆಯಬೇಕಾಗಿರಲಿಲ್ಲ. ತಮ್ಮ ಮನೆ ಬಚ್ಚಲು ತೊಳೆಯದ ಮಕ್ಕಳು ಬೀದಿಯ ಕಲ್ಲು ತೊಳೆಯುತ್ತಿವೆ ಎಂದು ತಾಯಂದಿರಿಗೆ ಅಸೂಯೆ.

ಒಂದೇ ತೊಂದರೆ. ಬೆಳಕು ಹರಿಯುವ ಮುಂಚೆ ಸ್ಕೂಟರಿನಲ್ಲಿ ಬರುವವರು ನಿಲ್ಲಿಸದೆ ಕವರ್ ಎಸೆದುಹೋಗುತ್ತಿದ್ದರು. ಮಕ್ಕಳು ಸರದಿಯ ಮೇಲೆ ಕಾವಲು ನಿಂತು ಸೀಟಿ ಊದಿ ನೋಡಿದರು. ಪರೀಕ್ಷೆ ಬಂತು, ಮನೆಗಳಲ್ಲಿ ಬೈದರು. ಒಂದು ಸಂಜೆ ಯಶು ಕಲ್ಲಿನ ಮೇಲೆ ಬಿದ್ದಿದ್ದ ಕವರ್ ನೋಡಿ ಅಳುವ ಹಾಗಾಗಿದ್ದಳು. ಆಗ ಬಂದವರು ಮಹದೇವಪ್ಪನವರು.

ಮಹದೇವಪ್ಪನವರು ನಮ್ಮ ಪಕ್ಕದ ಮನೆ. ಕಾಟನ್‌ಪೇಟೆಯಲ್ಲಿ ಜವಳಿ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಹಣೆಗೆ ಮೂರು ಬೆರಳ ವಿಭೂತಿ, ಬಾಯಲ್ಲಿ ಕೆಟ್ಟ ಮಾತಿಲ್ಲ. ಮಕ್ಕಳ ಕೆಲಸಕ್ಕೆ ಮೊದಲ ದಿನದಿಂದಲೂ ಕಾಫಿ ಕಳಿಸಿದವರು ಅವರೇ.

“ಮಕ್ಳೇ, ನೀವು ಎಷ್ಟು ದಿನ ಕಾಯ್ತೀರ? ನಿದ್ದೆ ಮಾಡದೇ ಇರೋ ವಾಚ್‌ಮನ್ ಒಬ್ನಿದಾನೆ. ಗೋಡೆಗೆ ಒಂದು ದೇವರ ಟೈಲ್ಸ್ ಹಾಕ್ಸಿ. ಯಾವನು ಕಸ ಹಾಕ್ತಾನೆ ನೋಡೋಣ” ಎಂದರು.

“ದೇವ್ರನ್ನ ಈ ಕೆಲಸಕ್ಕೆ ಹಾಕೋದಾ ಅಂಕಲ್?” ಎಂದು ಯಶು ನಕ್ಕಳು.

“ಅವನಿಗೇನು ಬೇರೆ ಕೆಲಸ ಇದೆ?” ಎಂದರು ಅವರೂ ನಕ್ಕು.

ನೀವು ಬೆಂಗಳೂರಿನವರಾದರೆ ಇಂಥ ಟೈಲ್ಸ್ ನೋಡಿಯೇ ಇರುತ್ತೀರಿ. ಯಾರಿಗೂ ತಕರಾರಿರಬಾರದೆಂದು ಮೂರು ಧರ್ಮದ ಚಿತ್ರಗಳನ್ನೂ ತಂದರು. ಮಧ್ಯೆ ಗಣಪತಿ, ಆ ಕಡೆ ಈ ಕಡೆ ಶಿಲುಬೆ ಮತ್ತು ಮಸೀದಿ. ಅಲ್ತಾಫನೇ ಏಣಿ ಹತ್ತಿ, ಸಿಮೆಂಟು ಮೆತ್ತಿ, ಮೂರನ್ನೂ ಅಂಟಿಸಿದ. ಸರಿಯಾಗಿದೆಯಾ ಎಂದು ಎರಡು ಹೆಜ್ಜೆ ಹಿಂದೆ ಬಂದು ನೋಡಿ, “ಗಣಪ್ಪ ಸ್ವಲ್ಪ ಓರೆ ಆದ” ಎಂದು ಮತ್ತೆ ಹತ್ತಿ ನೇರ ಮಾಡಿದ.

ಮರುದಿನದಿಂದ ಕಸ ನಿಂತಿತು. ಒಂದು ಕವರೂ ಇಲ್ಲ. ಮಕ್ಕಳು ಕುಣಿದರು. ಮಹದೇವಪ್ಪನವರು ಮೈಸೂರುಪಾಕು ಹಂಚಿದರು. ನಾನು ಎರಡು ತಿಂದೆ.

ಒಂದು ಬೆಳಿಗ್ಗೆ ಗಣಪತಿಯ ಹಣೆಯ ಮೇಲೆ ಕುಂಕುಮ. ಯಾರಿಟ್ಟರೋ ಗೊತ್ತಿಲ್ಲ. ಮತ್ತೊಂದು ದಿನ ಟೈಲ್ಸಿನ ಅಂಚಿಗೆ ಸಿಕ್ಕಿಸಿದ ದಾಸವಾಳ. ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ಒಂದು ಹಣತೆ. ಹಣತೆಯನ್ನು ಗೋಡೆಗೆ ಅಂಟಿಸಲು ಬರುವುದಿಲ್ಲವಲ್ಲ, ಅದು ಕಲ್ಲಿನ ಮೇಲೆ ಒಂದು ಮೂಲೆಯಲ್ಲಿ ಕೂತಿತು. ಎಣ್ಣೆ ಸೀರೆಗೆ ತಾಗದಿರಲಿ ಎಂದು ನಾನು ಈಚೆಗೆ ಸರಿದೆ. ಹಣತೆಯ ಪಕ್ಕ ಊದಿನಕಡ್ಡಿ ಸ್ಟ್ಯಾಂಡು ಬಂತು, ನಾನು ಇನ್ನಷ್ಟು ಸರಿದೆ. ಕನ್ನಡ ಒತ್ತುವುದನ್ನು ಕಲಿಯುತ್ತಿದ್ದವಳು ಜೊತೆಜೊತೆಗೆ ಸರಿಯುವುದನ್ನೂ ಕಲಿಯುತ್ತಿದ್ದೆನೆಂದು ಆಗ ಗೊತ್ತಾಗಲಿಲ್ಲ.

ನಿಮಗೆ ಆ ಜಾಗದ ಅನುಕೂಲ ಅರ್ಥವಾಗಿದೆ ತಾನೆ? ಕಲ್ಲು ಗೋಡೆಗೆ ಅಂಟಿಕೊಂಡಿತ್ತು. ಟೈಲ್ಸ್ ಅದರ ಮೇಲಿನ ಗೋಡೆಯಲ್ಲಿ. ಬೀದಿಗೆ ಮುಖ ಮಾಡಿ ಯಾರೇ ಕೂತರೂ ಅವರ ಬೆನ್ನು ಗಣಪತಿಯ ಕಡೆಗೇ. ಇದು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ, ಒಂದು ಸಂಜೆ ಮಹದೇವಪ್ಪನವರು ಕೈಮುಗಿದು ನಿಂತು ಮೆಲ್ಲಗೆ ಹೇಳುವವರೆಗೆ.

“ಅಕ್ಕೋರೆ, ತಪ್ಪು ತಿಳ್ಕೋಬೇಡಿ. ದೇವರಿಗೆ ಬೆನ್ನು ಹಾಕಿ ಕೂತ್ರೆ ಚೆನ್ನಾಗಿರಲ್ಲ. ನೋಡೋರು ಏನಾದ್ರೂ ಅಂತಾರೆ.”

ನನ್ನ ಬಾಯಿಗೆ ಮಾತು ಬರುವ ಮುಂಚೆ ಕಾಲು ಎದ್ದು ನಿಂತಿತ್ತು. ಹಿರಿಯರು ಹೇಳಿದರೆ ಏಳುವ ಅಭ್ಯಾಸ ಈ ಮಂಡಿಗಳಿಗೆ ಎಷ್ಟು ಹಳೆಯದೆಂದರೆ, ಅವರು ನನಗಿಂತ ಚಿಕ್ಕವರೆಂಬುದೂ ಅವಕ್ಕೆ ಲೆಕ್ಕವಿಲ್ಲ. ಹೇಳಬೇಕಾದ ಮಾತು ಹೊಳೆದದ್ದು ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗ. ನಾವಿಬ್ಬರೂ ಕೊರಳಲ್ಲೇ ಲಿಂಗ ಕಟ್ಟಿಕೊಂಡು ಓಡಾಡುವ ಜನ. ‘ಮಹದೇವಪ್ಪನವ್ರೇ, ನಮ್ಮ ದೇವ್ರು ಎದೆ ಮೇಲೇ ಕೂತಿದಾನೆ. ಬೆನ್ನು ಹಾಕ್ತೀನಿ ಅಂದ್ರೂ ಆಗಬೇಕಲ್ರೀ’ ಎನ್ನಬಹುದಿತ್ತು. ಅವರು ನಕ್ಕುಬಿಡುತ್ತಿದ್ದರು, ಅಂಥ ಮನುಷ್ಯರೇ. ಒಗ್ಗರಣೆ ಸೀದುಹೋಯಿತು. ಮಾತು ಹಾಗೆಯೇ ಉಳಿಯಿತು, ಈಗ ನಿಮಗೆ ಹೇಳುತ್ತಿದ್ದೇನೆ.

ಅಜ್ಜಿಯೇ ಎದ್ದ ಮೇಲೆ ಮಕ್ಕಳೇನು ಮಾಡಿಯಾರು? “ಹಂಗಾದ್ರೆ ಕೆಳಗೆ ನೆಲದ ಮೇಲೆ ಕೂರ್ತೀವಿ” ಎಂದಳು ಯಶು. ಸರಿ, ಆದರೆ ಶೂ ಬಿಚ್ಚಿಡಿ ಎಂದರು ಒಬ್ಬರು. ಇಲ್ಲಿ ಚಿಪ್ಸ್ ತಿನ್ನಬೇಡಿ ಎಂದರು ಇನ್ನೊಬ್ಬರು. ಹುಡುಗ ಹುಡುಗಿ ಒಟ್ಟಿಗೆ ಕಿಲಕಿಲ ನಗುವ ಜಾಗವಲ್ಲ ಇದು ಎಂದರು, ದೀಪ ಹಚ್ಚಲು ಬಂದ ಮತ್ತೊಬ್ಬರು. ಭಾನುವಾರ ಪೊರಕೆ ಹಿಡಿದು ಬಂದ ಯಶುವಿಗೆ ಒಬ್ಬ ಹೆಂಗಸು, ಸ್ನಾನವಾಗಿದೆಯಾ, ಮತ್ತೆ ‘ಅದು’ ಏನೂ ಇಲ್ಲ ತಾನೆ ಎಂದು ಕಿವಿಯಲ್ಲಿ ಕೇಳಿದರಂತೆ. ತಾನೇ ಕಸದ ಕೆಳಗಿಂದ ಎತ್ತಿದ ಕಲ್ಲನ್ನು ಮುಟ್ಟಲು ಅವಳಿಗೆ ಮಡಿ ಬೇಕಾಯಿತು.

ಅಲ್ತಾಫನಿಗೆ ಯಾರೂ ಏನೂ ಹೇಳಲಿಲ್ಲ. ಅದೇ ನೋಡಿ. ಯಾರಾದರೂ ಬರಬೇಡ ಎಂದಿದ್ದರೆ ನಾವೆಲ್ಲ ಜಗಳಕ್ಕೆ ನಿಲ್ಲುತ್ತಿದ್ದೆವು, ಮಹದೇವಪ್ಪನವರೇ ಮೊದಲು ನಿಲ್ಲುತ್ತಿದ್ದರು. ಯಾರೂ ಹೇಳಲಿಲ್ಲ, ಅವನು ಬರುವುದು ನಿಂತಿತು. ಅಂಗಡಿಯ ಮುಂದೆ ಸಿಕ್ಕಾಗ ಕೇಳಿದೆ. “ಕೆಲಸ ಜಾಸ್ತಿ ಅಜ್ಜಿ” ಎಂದು ಹತ್ತಿ ಹಿಂಜುತ್ತ ನಕ್ಕ. ಬಾಯಿ ತುಂಬ ಮಾತಿದ್ದ ಹುಡುಗನಿಂದ ಮೂರೇ ಪದ.

ಕಮಿಟಿಯಾಯಿತು. ಗೋಡೆಗೆ ಗ್ರಾನೈಟ್ ಬಂತು, ಗಣಪತಿಯ ಮೇಲೆ ಪುಟ್ಟ ಗೋಪುರ. ಉಳಿದೆರಡು ಟೈಲ್ಸನ್ನು ಯಾರೂ ಕೀಳಲಿಲ್ಲ, ಗ್ರಾನೈಟಿನ ಹಿಂದೆ ಹೋದವು. ರಾತ್ರಿ ಯಾರಾದರೂ ಎಣ್ಣೆ ಡಬ್ಬ ಕದ್ದಾರೆಂದು ಸುತ್ತ ಕಬ್ಬಿಣದ ಗ್ರಿಲ್ಲು, ಅದಕ್ಕೊಂದು ಬೀಗ. ಉದ್ಘಾಟನೆಯ ದಿನ ಶಾಮಿಯಾನ, ಮೈಕು. ಮಕ್ಕಳನ್ನು ಮರೆಯಲಿಲ್ಲ. “ಈ ಪುಣ್ಯಕಾರ್ಯಕ್ಕೆ ಮೂಲ ಕಾರಣರಾದ ನಮ್ಮ ಯುವಪ್ರತಿಭೆಗಳು” ಎಂದು ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ಶಾಲು, ಹಾರ, ಹಣ್ಣಿನ ತಟ್ಟೆ ಕೊಟ್ಟರು. ಅಲ್ತಾಫನ ಹೆಸರನ್ನೂ ಕೂಗಿದರು, ಎರಡೆರಡು ಸಲ. ಯಶು ಶಾಲು ಹೊದ್ದು ಕೆಳಗಿಳಿದು ಬಂದು ನನ್ನ ಪಕ್ಕದ ಬಾಡಿಗೆ ಕುರ್ಚಿಯಲ್ಲಿ ಕೂತಳು.

“ಅಜ್ಜಿ, ನೋಡಿದ್ರಾ? ನಮ್ಮನ್ನ ಸನ್ಮಾನ ಮಾಡಿ ಕಳಿಸ್ಬಿಟ್ರು.”

ನಾನು ಅವಳ ಕೈ ಹಿಡಿದುಕೊಂಡೆ. ಹಾರದ ನೀರು ಅವಳ ಹೊಸ ಚೂಡಿದಾರದ ಮೇಲೆ ತೊಟ್ಟಿಕ್ಕುತ್ತಿತ್ತು.

“ಆಚೆ ತುದಿಲಿ ಶುರು ಮಾಡೋಣ್ವೇನೆ? ಅಲ್ಲೂ ಗುಡ್ಡೆ ಬಿದ್ದಿದೆ.”

“ಯಾರೂ ಬರಲ್ಲ ಅಜ್ಜಿ. ಮತ್ತೆ ಕ್ಲೀನ್ ಮಾಡಿದ್ರೆ ಮತ್ತೊಬ್ರಿಗೆ ಸೈಟ್ ಮಾಡಿಕೊಟ್ಟಂಗೆ ಅಷ್ಟೇ. ನಮ್ಮಪ್ಪ ಮಾಡೋ ಬಿಸಿನೆಸ್ಸೇ ಅದು.”

ನಗಿಸಲೆಂದೇ ಹೇಳಿದ್ದಳು. ಇಬ್ಬರಿಗೂ ನಗು ಬರಲಿಲ್ಲ.

ಯಾರನ್ನು ಬೈಯುವುದು ಹೇಳಿ. ಮಹದೇವಪ್ಪನವರು ಈಗಲೂ ದಿನಾ ಬೆಳಿಗ್ಗೆ ಆ ಜಾಗ ಗುಡಿಸುತ್ತಾರೆ. ಒಂದು ಕಡ್ಡಿ ಇರುವುದಿಲ್ಲ. ಕುಂಕುಮವಿಟ್ಟವಳು ಭಕ್ತಿಯಿಂದಲೇ ಇಟ್ಟಳು, ಹಣತೆ ತಂದವಳ ಮನೆಯಲ್ಲಿ ಯಾರಿಗೆ ಕಾಯಿಲೆಯಿತ್ತೋ. ಕಸವಿದ್ದ ಕಡೆ ಗುಡಿಯಾಗಿದೆ, ಇದಕ್ಕೂ ಕೊರಗುವವಳನ್ನು ಊರು ಏನೆಂದೀತು? ಆದರೆ ನಾನು ಲೆಕ್ಕ ಹಾಕುವುದು ಬೇರೆ ಥರ. ಕಸ ಬಿದ್ದಿದ್ದರೆ ಆ ಮಕ್ಕಳು ಮುಂದಿನ ಭಾನುವಾರ ಮತ್ತೆ ಬರುತ್ತಿದ್ದರು. ನಾವು ಅವರ ಕೆಲಸವನ್ನು ಮೆಚ್ಚಿ, ಹರಸಿ, ಹಾರ ಹಾಕಿ, ಕೈಯಿಂದ ಇಸಿದುಕೊಂಡೆವು. ಬೈದಿದ್ದರೆ ಹಟ ಹಿಡಿಯುತ್ತಿದ್ದರೋ ಏನೋ. ಹಾರ ಹಾಕಿದವರ ಜೊತೆ ಜಗಳವಾಡುವುದು ಹೇಗೆಂದು ಯಾವ ಮಕ್ಕಳಿಗೆ ಗೊತ್ತಿರುತ್ತದೆ?

ಆ ಗುಂಪು ಚದುರಿತು. ಕೆಲವರ ಹೆಸರೂ ಈಗ ಥಟ್ಟನೆ ನೆನಪಿಗೆ ಬರುವುದಿಲ್ಲ. ಯಶು ಓದು ಮುಗಿಸಿ ಮೆಜೆಸ್ಟಿಕ್ ಹತ್ತಿರದ ಒಂದು ಆಫೀಸಿಗೆ ಸೇರಿದಳು. ಕಂಡರೆ ಕೈಬೀಸುತ್ತಾಳೆ, ನಿಲ್ಲಲು ಹೊತ್ತಿರುವುದಿಲ್ಲ. ನಾನು ಮಾರ್ಕೆಟ್ಟಿಗೆ ಹೋಗಿಬರುವಾಗ ಗ್ರಿಲ್ಲಿನ ಹತ್ತಿರ ಮಂಡಿ ನೋಯುತ್ತದೆ. ಸರಳು ಹಿಡಿದುಕೊಂಡು ಎರಡು ನಿಮಿಷ ನಿಂತು ಮುಂದೆ ಹೋಗುತ್ತೇನೆ. ಏನು ಭಕ್ತಿ ಎಂದು ಜನ ಅಂದುಕೊಳ್ಳುತ್ತಾರೆ.

ಮೊನ್ನೆ ಸಂಜೆಯೂ ಹಾಗೆ ನಿಂತು, ಗಲ್ಲಿಯೊಳಗಿನಿಂದಲೇ ಹಾದು ಆಚೆ ತುದಿಗೆ ಹೋದೆ. ಅಲ್ಲಿಂದ ಔಷಧಿ ಅಂಗಡಿ ಹತ್ತಿರ. ಅಲ್ಲಿನ ಗುಡ್ಡೆ ಈಗ ನನ್ನ ಎದೆಮಟ್ಟ ಬೆಳೆದಿದೆ. ಮೂಗು ಮುಚ್ಚಿಕೊಂಡು ದಾಟುತ್ತಿದ್ದಾಗ ಎದುರಿನಿಂದ ಒಂದು ಸ್ಕೂಟಿ ನಿಧಾನವಾಯಿತು. ಹೆಲ್ಮೆಟ್ ಹಾಕಿದ ಹುಡುಗಿ. ಮುಂದಿನ ಕೊಕ್ಕೆಯಿಂದ ಒಂದು ಕಪ್ಪು ಕವರ್ ಬಿಚ್ಚಿ ಕೈಯಲ್ಲಿ ಹಿಡಿದು, ತೋಳು ಬೀಸಲು ಎತ್ತಿದವಳು ನನ್ನನ್ನು ನೋಡಿದಳು. ಎತ್ತಿದ ತೋಳು ಹಾಗೇ ನಿಂತಿತು.

ಯಶು.

ಅವಳು ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಮುಖ ಕೆಂಪಾಗಿತ್ತು.

“ಕಸದ ಆಟೋ ಬರೋ ಹೊತ್ತಿಗೆ ನಾನು ಹೊರಟಿರ್ತೀನಿ ಅಜ್ಜಿ. ಅಮ್ಮಂಗೆ ಮೆಟ್ಲಿಳಿಯೋಕಾಗಲ್ಲ. ಮೂರು ದಿನದಿಂದ ಮನೇಲೇ ಇತ್ತು, ವಾಸನೆ...”

ಬೈಯಬೇಕೆಂದು ನನಗೆ ಅನ್ನಿಸಲೇ ಇಲ್ಲ. ಮನೆ ಮನೆಗೆ ಬೆಲ್ ಮಾಡಿ ಕಸ ವಾಪಸ್ ಕೊಟ್ಟ ಹುಡುಗಿಯನ್ನೂ ನಾವು ನಮ್ಮ ಹಾಗೆಯೇ ಮಾಡಿ ಮುಗಿಸಿದ್ದೆವು.

“ಕೊಡಿಲ್ಲಿ” ಎಂದು ಕೈ ಚಾಚಿದೆ.

“ಬೇಡ ಅಜ್ಜಿ, ಸೋರ್ತಿದೆ.”

“ಸೋರಲಿ ಕೊಡೆ. ನಾಳೆ ಆಟೋಗೆ ನಾನು ಹಾಕ್ತೀನಿ. ನಾಳಿದ್ದಿಂದ ನಮ್ಮ ಗೇಟಿಗೆ ತಗಲಾಕಿ ಹೋಗು. ನನಗೇನು ಆಫೀಸಾ?”

ಕೊಟ್ಟಳು. ಕೊಟ್ಟವಳು ಅಲ್ಲೇ ನಿಂತಳು. ಅವಳಿಗೆ ಹೋಗಲು ಮನಸ್ಸಿಲ್ಲ, ನನಗೆ ಬಿಡಲು ಮನಸ್ಸಿಲ್ಲ. ಅವಳಮ್ಮನ ಕಾಲು, ಆಫೀಸು, ನೋಡಲು ಬರುತ್ತಿರುವ ಗಂಡುಗಳು, ಅಲ್ತಾಫ್ ಅಂಗಡಿಗೆ ಹೊಸ ಬೋರ್ಡು ಹಾಕಿಸಿರುವುದು, ಎಷ್ಟೊಂದು ಬಾಕಿಯಿತ್ತು ಮಾತಾಡಲು. ನಾನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು ಅವಳ ಕಣ್ಣಿಗೆ ಬಿತ್ತು. ಸುತ್ತ ನೋಡಿದಳು. ಎಲ್ಲಿಯೂ ಏನೂ ಇರಲಿಲ್ಲ.

“ಬನ್ನಿ ಅಜ್ಜಿ” ಎಂದು ಒಂದು ಕೈಯಲ್ಲಿ ಗಾಡಿ ತಳ್ಳುತ್ತ, ಇನ್ನೊಂದರಲ್ಲಿ ನನ್ನ ತೋಳು ಹಿಡಿದು, ಗಲ್ಲಿ ದಾಟಿಸಿ ನಮ್ಮ ಬೀದಿಗೆ ಕರೆತಂದಳು. ಗ್ರಿಲ್ಲಿನ ಮುಂದೆ, ಹೊಂಗೆಯ ಕೆಳಗೆ, ಸ್ಕೂಟಿಯನ್ನು ದೊಡ್ಡ ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿ, ಸೀಟು ಒರೆಸಿದಳು. “ಕೂತ್ಕೊಳ್ಳಿ.”

ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಕಸದ ಕವರ್ ಇಟ್ಟುಕೊಂಡು, ಬೀದಿಗೆ ಮುಖ ಮಾಡಿ ಕೂತೆ. ಅವಳು ಹ್ಯಾಂಡಲ್ಲಿಗೆ ಒರಗಿ ನಿಂತು ಮಾತು ಶುರು ಮಾಡಿದಳು. ಅರ್ಧಕ್ಕೆ ಬಂದಿರಲಿಲ್ಲ, ಗ್ರಿಲ್ಲಿನ ಒಳಗಿನಿಂದ ಸಂಜೆಯ ಪೂಜೆಗೆ ಬಂದಿದ್ದ ಅರ್ಚಕರು ಗಂಟೆ ಹಿಡಿದುಕೊಂಡೇ ಕೂಗಿದರು.

“ಅಜ್ಜೀ, ಮಂಗಳಾರತಿ ಹೊತ್ತು. ದೇವರ ಮುಂದೆ ಹಂಗೆ ಕೂರಬಾರ್ದು, ಗಾಡಿ ತೆಗೀರಿ.”

ಯಶು ನೆಟ್ಟಗೆ ನಿಂತಳು. ಅವಳ ಕೈ ಕೀಲಿಯ ಕಡೆ ಹೋಯಿತು.

“ಹೂಂ, ಹೊರಟ್ವಿ ಸ್ವಾಮಿ” ಎಂದೆ ಅವರಿಗೆ. ಇವಳ ಕೈ ಹಿಡಿದು, “ಆಮೇಲೆ ಏನಾಯ್ತೇ, ಹೇಳು” ಎಂದೆ. ಏಳಲಿಲ್ಲ.